ಹಾರ್ನ್ ಮಾಮನ ವ್ಯಾನಿನಲ್ಲಿ ತಪಸ್ಸುಕಾಲ

ನಮ್ಮ ಪ್ರಾಥಮಿಕ ಶಾಲೆಯ ವ್ಯಾನ್ ಓಡಿಸುತ್ತಿದ್ದವರಿಗೆ ಮಕ್ಕಳು ಇಟ್ಟಿದ್ದ ಹೆಸರು ಹಾರ್ನ್ ಮಾಮ. ಅವರು ಕೆಲಸಕ್ಕೆ ಸೇರಿದ ವರ್ಷ ವ್ಯಾನಿನ ಹಾರ್ನ್ ಕೆಟ್ಟು ಕೂತಿತ್ತು. ರಿಪೇರಿಯವನು ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಎಂದು ಸತಾಯಿಸುತ್ತಿದ್ದಷ್ಟು ದಿನವೂ ಇವರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಪ್ಯಾಂ" ಎಂದು ತಾವೇ ಕೂಗಿ ಮಕ್ಕಳನ್ನು ಕರೆಯುತ್ತಿದ್ದರು. ನಾಲ್ಕನೇ ಮಹಡಿಯಲ್ಲಿ ಹಲ್ಲುಜ್ಜುತ್ತಿದ್ದ ಮಗುವಿಗೂ ಅದು ಕೇಳಿಸುತ್ತಿತ್ತು. ಹೊಸ ಹಾರ್ನ್ ಬಂದ ಮೇಲೂ ಹೆಸರು ಹೋಗಲಿಲ್ಲ.

ನಾನು ಅದೇ ಶಾಲೆಯಲ್ಲಿ ಮೂರನೇ ತರಗತಿಯ ಟೀಚರ್ ಆಗಿದ್ದೆ. ವ್ಯಾನ್ ಹೋಗುವ ದಾರಿಯ ತುತ್ತತುದಿಯಲ್ಲಿ ನನ್ನ ಮನೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹತ್ತುವವಳೂ ನಾನೇ, ಸಂಜೆ ಎಲ್ಲರಿಗಿಂತ ಕೊನೆಗೆ ಇಳಿಯುವವಳೂ ನಾನೇ. ಹನ್ನೊಂದು ವರ್ಷ ಅವರ ಪಕ್ಕದ ಸೀಟಿನಲ್ಲಿ ಕೂತು ಓಡಾಡಿದ್ದೇನೆ. ಅವರ ಬಗ್ಗೆ ನಾಲ್ಕು ಮಾತು ಹೇಳುವ ಸಲಿಗೆ ನನಗಿದೆ ಎಂದುಕೊಂಡಿದ್ದೇನೆ.

ಶಾಲೆಗೆ ಬರುವ ಮುಂಚೆ ಅವರು ಇಪ್ಪತ್ತೆರಡು ವರ್ಷ ಸರಕಿನ ಲಾರಿ ಓಡಿಸಿದ್ದರು. ಅಗಲವಾದ ಭುಜ, ಗೇರ್ ಹಿಡಿದು ಹಿಡಿದು ಗಂಟುಗಟ್ಟಿದ ಅಂಗೈ. ವ್ಯಾನಿನಲ್ಲಿ ಹದಿನೆಂಟು ಮಕ್ಕಳು. ಅವರ ಗಲಾಟೆಯ ಬಗ್ಗೆ ಮಾಮ ದಿನಕ್ಕೊಮ್ಮೆಯಾದರೂ ಗೊಣಗುತ್ತಿದ್ದರು.

"ಟೀಚರ್, ಲಾರೀಲಿ ಇಪ್ಪತ್ತು ಟನ್ ಕಬ್ಬಿಣ ಹಾಕ್ಕೊಂಡು ಹೋಗ್ತಿದ್ದೆ. ಒಂದು ದಿನ ಒಂದು ಮಾತಾಡಿದ್ದಿಲ್ಲ ಅದು. ಇವರು ನೋಡಿ, ಎಲ್ಲ ಸೇರಿದ್ರೂ ಅರ್ಧ ಟನ್ ಇಲ್ಲ, ತಲೆ ಚಿಟ್ಟು ಹಿಡಿಸ್ತಾರೆ."

ಹೀಗೆ ಹೇಳುತ್ತಲೇ ಕನ್ನಡಿಯಲ್ಲಿ ಹಿಂದೆ ನೋಡಿ, ಯಾರ ಶೂ ಲೇಸ್ ಬಿಚ್ಚಿದೆ, ಯಾರು ಮುಖ ಊದಿಸಿಕೊಂಡಿದ್ದಾರೆ ಎಂದು ಗಮನಿಸುತ್ತಿದ್ದರು. ಆದರೆ ಗೊಣಗುವುದನ್ನು ಮಾತ್ರ ಮಕ್ಕಳೂ ನಂಬಿದ್ದರು, ನಾನೂ ನಂಬಿದ್ದೆ.

ಅವರ ಹೆಂಡತಿ ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದರು. ಶಾಲೆಯ ಅರ್ಧ ಮಕ್ಕಳ ಯೂನಿಫಾರ್ಮಿನ ಅಂಚು ಅವರ ಕೈಯದೇ. ಮಾತು ಅಂದರೆ ಅವರಿಗೆ ಪ್ರಾಣ. ಅಳತೆ ಕೊಡಲು ಹೋದರೆ ಎರಡು ಗಂಟೆ ಹಿಡಿಯುತ್ತಿತ್ತು. ಅಳತೆಗೆ ಐದು ನಿಮಿಷ, ಉಳಿದದ್ದೆಲ್ಲ ಸುದ್ದಿಗೆ. ಆ ಮನೆಯಲ್ಲಿ ಮಾಮನ ಅಣ್ಣನೂ ಇದ್ದರು. ಮುದ್ರಣಾಲಯದಲ್ಲಿ ಮೂವತ್ತು ವರ್ಷ ಅಚ್ಚಿನ ಮೊಳೆ ಜೋಡಿಸುತ್ತ, ಯಂತ್ರಗಳ ಸದ್ದಿಗೆ ಕಿವಿ ಕಳೆದುಕೊಂಡವರು. ಮದುವೆಯಾಗಿರಲಿಲ್ಲ. ಕಿವುಡರಾದ ಮೇಲೆ ಬಾಯಿಯೂ ತಾನಾಗಿ ಕಡಿಮೆಯಾಗಿತ್ತು. ಹಾಗಂತ ಆ ಹೆಂಗಸು ಬಿಡುತ್ತಿರಲಿಲ್ಲ. ಮಿಷನ್ ತುಳಿಯುತ್ತ, ಕೈ ತಿರುಗಿಸುತ್ತ, ಹುಬ್ಬು ಹಾರಿಸುತ್ತ, ಭಾವನಿಗೆ ಇಡೀ ಬೀದಿಯ ಸಮಾಚಾರ ಒಪ್ಪಿಸುತ್ತಿದ್ದರು. ಅವರೂ ಎಲ್ಲ ಕೇಳಿಸಿದವರಂತೆ ತಲೆಯಾಡಿಸುತ್ತಿದ್ದರು. ಗಂಡ ಹೆಂಡತಿಗೆ ಮಕ್ಕಳಿರಲಿಲ್ಲ. ಆದರೆ ಆ ಮನೆ ಖಾಲಿ ಎಂದು ಯಾರಿಗೂ ಒಂದು ದಿನವೂ ಅನ್ನಿಸಿದ್ದಿಲ್ಲ.

ನಾನು ಹೇಳಹೊರಟಿರುವ ವರ್ಷದ ನವೆಂಬರಿನಲ್ಲಿ ಆಕೆ ತೀರಿಕೊಂಡರು. ಸಣ್ಣ ಜ್ವರ ಎಂದು ಮಲಗಿದ್ದು, ಎದೆಗೆ ಇಳಿದು, ಆಸ್ಪತ್ರೆಯಲ್ಲಿ ಒಂಬತ್ತು ದಿನ ಒದ್ದಾಡಿ ಮುಗಿಯಿತು. ಮರುವಾರ ಮಾಮ ವ್ಯಾನ್ ತಂದು ನನ್ನ ಮನೆ ಮುಂದೆ ನಿಲ್ಲಿಸಿದರು. ನಾನು, "ಇನ್ನೊಂದು ನಾಲ್ಕು ದಿನ ರಜೆ ತಗೋಬಹುದಿತ್ತಲ್ಲ" ಎಂದೆ.

"ಮನೇಲಿ ಕೂತು ಏನ್ ಮಾಡ್ಲಿ ಟೀಚರ್" ಎಂದರು. ಅಷ್ಟೇ. ಆಮೇಲೆ ಅದರ ಮಾತೇ ಎತ್ತಲಿಲ್ಲ.

ಫೆಬ್ರವರಿಯಲ್ಲಿ ತಪಸ್ಸುಕಾಲ ಬಂತು. ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನ, ಯೇಸುವಿನ ಕಷ್ಟವನ್ನು ನೆನೆಯುತ್ತ ಏನನ್ನಾದರೂ ಬಿಟ್ಟು, ಪ್ರಾರ್ಥನೆ ಮಾಡಿ, ಕೈಲಾದ ಒಳ್ಳೆಯ ಕೆಲಸ ಮಾಡುವ ಕಾಲ. ನಮ್ಮ ಶಾಲೆಯಲ್ಲಿ ಕ್ಯಾಥೊಲಿಕ್ ಮಕ್ಕಳು ಅರ್ಧದಷ್ಟು. ಉಳಿದವರಿಗೆ ಯಾವ ಬಲವಂತವೂ ಇರಲಿಲ್ಲ, ಆದರೆ ಯಾರನ್ನೂ ಹೊರಗೆ ನಿಲ್ಲಿಸುತ್ತಲೂ ಇರಲಿಲ್ಲ. ಆ ಕಾಲದ ಮೊದಲ ದಿನವಾದ ಬೂದಿ ಬುಧವಾರ ಫಾದರ್ ಬಂದು ಹಣೆಗೆ ಬೂದಿ ಹಚ್ಚುವಾಗ, ಬೇಡ ಎನ್ನುವ ಮಕ್ಕಳು ಎದೆಯ ಮೇಲೆ ಕೈ ಕಟ್ಟಿಕೊಂಡು ನಿಲ್ಲುತ್ತಿದ್ದರು. ಫಾದರ್ ಅವರ ತಲೆ ಸವರಿ ಮುಂದೆ ಹೋಗುತ್ತಿದ್ದರು.

ಅವತ್ತು ಪ್ರಾರ್ಥನಾ ಮಂದಿರದಲ್ಲಿ ಹೂವು ಇರಲಿಲ್ಲ. ಪೀಠಕ್ಕೆ ನೇರಳೆ ಬಟ್ಟೆ ಹೊದಿಸಿತ್ತು. ಮುಖ್ಯೋಪಾಧ್ಯಾಯಿನಿ, ನಾವೆಲ್ಲ ದೊಡ್ಡ ಸಿಸ್ಟರ್ ಎನ್ನುತ್ತಿದ್ದವರು, ಮಕ್ಕಳ ಮುಂದೆ ನಿಂತು ಹೇಳಿದರು.

"ದೇವರಿಗೆ ನಿಮ್ಮ ಚಾಕೊಲೇಟ್ ಬೇಕಾಗಿಲ್ಲ ಮಕ್ಕಳೇ. ನೀವು ಏನಾದರೂ ಬಿಟ್ರೆ ನಿಮ್ಮೊಳಗೆ ಸ್ವಲ್ಪ ಜಾಗ ಆಗುತ್ತೆ. ಆ ಜಾಗಕ್ಕೆ ಇನ್ನೊಬ್ಬರನ್ನ ಕರೀಬೇಕು. ಬಿಡೋದು ಅದಕ್ಕೇ."

ಪ್ರತಿ ಮಗುವೂ ನೇರಳೆ ಕಾಗದದ ಮೇಲೆ ತನ್ನ ಪಾದವಿಟ್ಟು, ಗೆರೆ ಎಳೆದು ಕತ್ತರಿಸಿ, ಅದರಲ್ಲಿ ತಾನು ಬಿಡುವುದನ್ನು ಬರೆದು ಕಾರಿಡಾರಿನ ಗೋಡೆಗೆ ಅಂಟಿಸಬೇಕು. ಗೋಡೆಯ ಕೊನೆಯಲ್ಲಿ ದೊಡ್ಡದೊಂದು ಶಿಲುಬೆ. ಇನ್ನೂರು ಚಿಲ್ಲರೆ ಪುಟ್ಟ ಪಾದಗಳು ಅದರ ಕಡೆ ನಡೆದುಹೋಗುವಂತೆ ಕಾಣುತ್ತಿತ್ತು. ಒಂದನೇ ತರಗತಿಯವನೊಬ್ಬ ಸ್ನಾನ ಬಿಡುತ್ತೇನೆ ಎಂದು ಬರೆದಿದ್ದ. ಇನ್ನೊಬ್ಬ ತಂಗಿಯನ್ನು ಬಿಡಲು ತಯಾರಾಗಿದ್ದ. ಅವರಿಬ್ಬರನ್ನೂ ಕೂರಿಸಿಕೊಂಡು ತಿದ್ದಿಸುವಷ್ಟರಲ್ಲಿ ಅವರ ಟೀಚರಿಗೆ ಸಾಕಾಯಿತು.

ವ್ಯಾನಿನ ಮಕ್ಕಳಿಗೆ ಒಬ್ಬಳು ನಾಯಕಿ ಇದ್ದಳು. ನಾಲ್ಕನೇ ತರಗತಿಯವಳು. ಯಾವ ಮಾತಿಗೂ ಎರಡು ಪ್ರಶ್ನೆ ಹಾಕದೆ ಬಿಡುತ್ತಿರಲಿಲ್ಲ. ಅದಕ್ಕೆ ಅವಳನ್ನು ಎಲ್ಲರೂ ವಕೀಲಮ್ಮ ಎನ್ನುತ್ತಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ಅವಳು ನನ್ನ ಹತ್ತಿರ ಬಂದಳು.

"ಟೀಚರ್, ನಾವು ವ್ಯಾನಿನವರೆಲ್ಲ ಸೇರಿ ಒಂದು ಬಿಡ್ತೀವಿ. ಈಸ್ಟರ್ ತನಕ ವ್ಯಾನಲ್ಲಿ ಮಾತಾಡಲ್ಲ. ಮಾಮಂಗೆ ಪಾಪ, ನಮ್ಮಿಂದ ತಲೆ ಚಿಟ್ಟು ಹಿಡಿಯುತ್ತೆ ಅಲ್ವಾ?"

ನನಗೆ ಹೆಮ್ಮೆಯೆನ್ನಿಸಿತು. ನಿಜ ಹೇಳಬೇಕೆಂದರೆ, ನನಗೂ ಒಂದಿಷ್ಟು ನೆಮ್ಮದಿ ಸಿಗುತ್ತದಲ್ಲ ಎಂಬ ಸ್ವಾರ್ಥವೂ ಇತ್ತು. ಕೂಡಲೇ ಒಪ್ಪಿಬಿಟ್ಟೆ.

ಅಂದು ಸಂಜೆ ಹದಿನೆಂಟು ಮಕ್ಕಳೂ ಬಾಯಿಗೆ ಬೀಗ ಹಾಕಿಕೊಂಡು ಹತ್ತಿ ಕೂತರು. ಕೆಲವರು ಉಸಿರನ್ನೂ ಬಿಗಿಹಿಡಿದಿದ್ದರು. ಮಾಮ ಕೀಲಿ ತಿರುಗಿಸಿ, ಗೇರ್ ಹಾಕಿ, ಹತ್ತು ಮಾರು ಹೋಗಿ ಬ್ರೇಕ್ ಒತ್ತಿದರು.

"ಏನಾಯ್ತು ಟೀಚರ್? ಯಾರಿಗಾದ್ರೂ ಹುಷಾರಿಲ್ವಾ?"

ನಾನು ವಿಷಯ ಹೇಳಿದೆ. ಅವರು ಕನ್ನಡಿಯಲ್ಲಿ ಮಕ್ಕಳನ್ನು ನೋಡಿದರು. ಮಕ್ಕಳು ಹಲ್ಲು ಕಿರಿದರು. "ಒಳ್ಳೇದು ಬಿಡಿ" ಎಂದು ಮತ್ತೆ ಗಾಡಿ ಬಿಟ್ಟರು. ಆಗಲೇ ಅವರ ಧ್ವನಿಯಲ್ಲಿ ಏನೋ ಇತ್ತು. ನಾನು ಗಮನಿಸಲಿಲ್ಲ.

ಮಕ್ಕಳು ಮಾತು ಬಿಟ್ಟರೇ ಹೊರತು ಸುಮ್ಮನೆ ಕೂರಲಿಲ್ಲ. ಒಂದು ವಾರದಲ್ಲಿ ತಮ್ಮದೇ ಕೈಭಾಷೆ ಕಟ್ಟಿಕೊಂಡರು. ಮೂಗು ಮುಟ್ಟಿದರೆ ಕಿಟಕಿ ಪಕ್ಕದ ಸೀಟು ಬಿಡು ಎಂದರ್ಥ. ಎರಡು ಬೆರಳು ಕುಣಿಸಿದರೆ ಲೆಕ್ಕದ ಪರೀಕ್ಷೆ. ಮುಷ್ಟಿಯನ್ನು ಎದೆಗೆ ಒತ್ತಿದರೆ ಕ್ಷಮಿಸು. ಜಗಳವೂ ಕೈಯಲ್ಲೇ, ರಾಜಿಯೂ ಕೈಯಲ್ಲೇ. ನಾನು ಅದನ್ನೆಲ್ಲ ನೋಡಿ ನಗುತ್ತಿದ್ದೆ. ಪಕ್ಕದಲ್ಲಿ ಸ್ಟೇರಿಂಗ್ ಹಿಡಿದವರ ಕಡೆ ನನ್ನ ಗಮನ ಹೋಗಲಿಲ್ಲ.

ಎರಡನೇ ವಾರ ಮಾಮ ತಾವೇ ಮಾತಿಗೆ ಎಳೆಯತೊಡಗಿದರು. "ಇವತ್ತು ಏನ್ ಪಾಠ ಆಯ್ತು?" ಎಂದರೆ ಹದಿನೆಂಟು ಕೈಗಳು ಗಾಳಿಯಲ್ಲಿ ಆಡಿದವು. ಸುಮ್ಮಸುಮ್ಮನೆ "ಪ್ಯಾಂ" ಎಂದು ಕೂಗಿದರು. ಮಕ್ಕಳು ಹೊಟ್ಟೆ ಹಿಡಿದುಕೊಂಡು ಸದ್ದಿಲ್ಲದೆ ನಕ್ಕರು. ಇಬ್ಬರು ಅಣ್ಣ ತಂಗಿ ಇಳಿಯುವ ಮನೆಯನ್ನು ಮಾಮ ಎರಡು ಸಲ ದಾಟಿ ಮುಂದೆ ಹೋಗಿಬಿಟ್ಟರು. "ನಿಲ್ಸಿ ಮಾಮ, ನಿಲ್ಸಿ ಮಾಮ" ಎಂಬ ಕೂಗು ಕೇಳಿ ಬ್ರೇಕ್ ಒತ್ತಿ ಅಭ್ಯಾಸವಾಗಿದ್ದ ಕಾಲು ಅದು.

ಮೂರನೇ ಶುಕ್ರವಾರ. ತಪಸ್ಸುಕಾಲದ ಪ್ರತಿ ಶುಕ್ರವಾರ ಮಧ್ಯಾಹ್ನ ಇಡೀ ಶಾಲೆ ಶಿಲುಬೆ ಹಾದಿ ನಡೆಸುತ್ತಿತ್ತು. ಯೇಸು ಶಿಲುಬೆ ಹೊತ್ತು ನಡೆದ ದಾರಿಯ ಹದಿನಾಲ್ಕು ಘಟನೆಗಳನ್ನು ಮಕ್ಕಳೇ ಬರೆದ ಚಿತ್ರಗಳಾಗಿ ಕಾಂಪೌಂಡ್ ಗೋಡೆಗೆ ಸಾಲಾಗಿ ತೂಗುಹಾಕಿ, ಒಂದೊಂದರ ಮುಂದೂ ನಿಂತು ಓದಿ, ಪ್ರಾರ್ಥಿಸಿ, ಮುಂದಿನದಕ್ಕೆ ಹೋಗುವುದು. ಅದು ಮುಗಿಸಿ ಎಲ್ಲ ಮಕ್ಕಳನ್ನೂ ಮನೆ ಮುಟ್ಟಿಸಿದ ಮೇಲೆ ವ್ಯಾನಿನಲ್ಲಿ ನಾವಿಬ್ಬರೇ ಉಳಿದೆವು. ನನ್ನ ಬೀದಿಗೆ ತಿರುಗುವ ಮುಂಚೆ ಮಾಮ ಗಾಡಿಯನ್ನು ಒಂದು ಮರದ ಕೆಳಗೆ ನಿಲ್ಲಿಸಿ ಇಂಜಿನ್ ಆರಿಸಿದರು.

"ಟೀಚರ್, ಒಂದು ಮಾತು ಕೇಳ್ಲಾ? ತಪ್ಪು ತಿಳ್ಕೋಬೇಡಿ."

"ಕೇಳಿ."

"ಮಕ್ಕಳಿಗೆ ಇದು ಈಸ್ಟರ್ ತನಕ ಇರಲೇಬೇಕಾ?"

ನಾನು ಅವರ ಮುಖ ನೋಡಿದೆ. ಅವರು ಎದುರಿನ ಗಾಜನ್ನು ನೋಡುತ್ತಿದ್ದರು.

"ಮನೆಗೆ ಹೋದ್ರೆ ಅಣ್ಣ ಇದ್ದಾನೆ. ಅವನಿಗೆ ಕೇಳ್ಸಲ್ಲ. ಮಿಷನ್‌ಗೆ ಬಟ್ಟೆ ಮುಚ್ಚಿದ್ದೀನಿ. ನಲ್ಲಿ ಬಿಟ್ರೆ ನೀರಿನ ಸದ್ದು, ಅಷ್ಟೇ. ನಮ್ಮೋಳು ಹೋದ ಮೇಲೆ ನನ್ನ ಕಿವಿಗೆ ಮನುಷ್ಯರ ಧ್ವನಿ ಅಂತ ಬೀಳ್ತಿದ್ದಿದ್ದು ಈ ವ್ಯಾನಲ್ಲಿ ಮಾತ್ರ. ನಾನು ಗೊಣಗ್ತಿದ್ದೆ, ಒಪ್ಕೋತೀನಿ. ಅವಳ ಮಾತಿಗೂ ಹಾಗೇ ಗೊಣಗ್ತಿದ್ದೆ."

ಅವರು ಅಳಲಿಲ್ಲ. ಎರಡೂ ಕೈಯಿಂದ ಸ್ಟೇರಿಂಗ್ ಒರೆಸಿದರು, ಅದರ ಮೇಲೆ ಧೂಳು ಕೂತಿದೆಯೇನೋ ಎಂಬಂತೆ. ಮೂರು ವಾರ ಪಕ್ಕದಲ್ಲೇ ಕೂತಿದ್ದೆ. ಇನ್ನೊಬ್ಬರ ನೋವು ತಿಳಿಯಲಿ ಎಂದೇ ಬಂದಿರುವ ಕಾಲದಲ್ಲಿ ಒಂದು ಮೊಳ ದೂರದ ಮನುಷ್ಯ ನನಗೆ ಕಂಡಿರಲಿಲ್ಲ.

ಸೋಮವಾರ ಬೆಳಿಗ್ಗೆ ಗಂಟೆ ಹೊಡೆಯುವ ಮುಂಚೆ ದೊಡ್ಡ ಸಿಸ್ಟರ್ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾವು ಕೊಡೋದಕ್ಕೆ ಹೊರಟ್ವಿ. ಬೇಕಾ ಅಂತ ಕೇಳೋದು ಮರೆತ್ವಿ" ಎಂದರು. "ಮಕ್ಕಳಿಗೆ ಅಪ್ಪಣೆ ಮಾಡೋದು ಬೇಡ. ಕರೆಸಿ, ಅವರೇ ಯೋಚನೆ ಮಾಡ್ಲಿ."

ಹದಿನೆಂಟು ಜನ ಬಂದು ಸಾಲಾಗಿ ನಿಂತರು. ಮಾಮನಿಗೆ ಮನೆಯಲ್ಲಿ ಮಾತಾಡುವವರು ಯಾರೂ ಇಲ್ಲ, ವ್ಯಾನೂ ಮೌನವಾದ ಮೇಲೆ ಅವರಿಗೆ ಬೇಸರವಾಗಿದೆ ಎಂದಷ್ಟೇ ಸಿಸ್ಟರ್ ಹೇಳಿದರು. ಚಿಕ್ಕವರ ಮುಖ ಬಾಡಿತು. ವಕೀಲಮ್ಮ ಮಾತ್ರ ಕೈ ಎತ್ತಿದಳು.

"ಸಿಸ್ಟರ್, ದೇವರ ಮುಂದೆ ಮಾತು ಕೊಟ್ಟಿದ್ದೀವಿ. ಈಗ ಬಿಟ್ರೆ ಪಾಪ ಅಲ್ವಾ?"

"ಮಾಮಂಗೆ ಒಳ್ಳೇದಾಗ್ಲಿ ಅಂತ ಕೊಟ್ಟ ಮಾತು. ಅದರಿಂದ ಅವರಿಗೇ ನೋವಾದ್ರೆ ಬದಲಾಯಿಸೋದರಲ್ಲಿ ತಪ್ಪೇನಿಲ್ಲ."

"ಹಾಗಾದ್ರೆ ಇನ್ಮೇಲೆ ಗಲಾಟೆ ಮಾಡೋದೇ ನಮ್ಮ ತ್ಯಾಗನಾ?"

ಸಿಸ್ಟರಿಗೆ ನಗು ತಡೆಯಲಾಗಲಿಲ್ಲ. "ಗಲಾಟೆ ನಿಮಗೆ ಇಷ್ಟ, ಅದು ತ್ಯಾಗ ಹೇಗಾಗುತ್ತೆ? ನಿಮಗೆ ಕಷ್ಟ ಯಾವುದು ಹೇಳು."

ವಕೀಲಮ್ಮ ಮೇಲೆ ಕೆಳಗೆ ನೋಡಿ ಯೋಚಿಸಿದಳು. "ಬೇರೆಯವರು ಮಾತಾಡುವಾಗ ಮಧ್ಯೆ ಬಾಯಿ ಹಾಕದೆ ಇರೋದು" ಎಂದಳು. ಇದು ಅವಳಿಗೆ ಎಷ್ಟು ಕಷ್ಟ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಹಾಗೆ ಹೊಸ ನೇಮ ಹುಟ್ಟಿತು. ದಿನಕ್ಕೊಬ್ಬರು ಮಾಮನ ಸೀಟಿನ ಹಿಂದೆಯೇ ಕೂರಬೇಕು. ಅವರಿಗೆ ಒಂದು ಪ್ರಶ್ನೆ ಕೇಳಬೇಕು. ಉತ್ತರ ಮುಗಿಯುವ ತನಕ ಯಾರೂ ನಡುವೆ ಬಾಯಿ ಹಾಕಬಾರದು. ಆಮೇಲೆ ಎಷ್ಟು ಬೇಕಾದರೂ ಮಾತಾಡಬಹುದು.

ಮೊದಲ ದಿನ ಕೂತದ್ದು ಒಂದನೇ ತರಗತಿಯ ಪುಟ್ಟಿ. "ಮಾಮ, ನಿಮ್ಮ ಲಾರೀಲಿ ಏನೇನು ಇತ್ತು?" ಎಂದಳು.

ಮಾಮ ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ನಿಧಾನವಾಗಿ ಶುರುಮಾಡಿದರು. ಸಿಮೆಂಟು, ಕಬ್ಬಿಣ, ಈರುಳ್ಳಿ ಮೂಟೆ. ಒಂದು ಸಲ ಲಾರಿ ತುಂಬ ಆಳೆತ್ತರದ ಕನ್ನಡಿಗಳು. ಹಿಂಬಾಗಿಲಿಗೆ ಒಂದು ಕನ್ನಡಿಯನ್ನು ಹೊರಮುಖವಾಗಿ ಕಟ್ಟಿದ್ದರಂತೆ. ಮಾಮ ದಾರಿ ಬಿಟ್ಟರೂ ಹಿಂದೆ ಬರುವ ಗಾಡಿಯವರೆಲ್ಲ ಮುಂದೆ ಹೋಗದೆ, ತಮ್ಮ ಮುಖವನ್ನೇ ನೋಡಿಕೊಂಡು ಕ್ರಾಪು ತಿದ್ದಿಕೊಂಡು ಬರುತ್ತಿದ್ದರಂತೆ. ಪೊಲೀಸಿನವರೊಬ್ಬರು ಕೈ ಅಡ್ಡ ಹಾಕಿ ಲಾರಿ ನಿಲ್ಲಿಸಿ, ಹಿಂದೆ ಹೋಗಿ ಮೀಸೆ ತಿರುವಿಕೊಂಡು ಬಂದು, "ಹೋಗು" ಎಂದರಂತೆ.

ವ್ಯಾನ್ ಬಿದ್ದು ಬಿದ್ದು ನಕ್ಕಿತು. ಮಾಮನೂ ನಕ್ಕರು. ನವೆಂಬರಿನಿಂದ ಅವರ ನಗು ನಾನು ಕೇಳಿರಲಿಲ್ಲ.

ಅಲ್ಲಿಂದ ದಿನಕ್ಕೊಂದು ಕಥೆ. ಸೇತುವೆಯ ಮೇಲೆ ಟೈರ್ ಸಿಡಿದದ್ದು, ಲಾರಿಯ ಕೆಳಗೆ ಮಲಗಿದ್ದಾಗ ನಾಯಿಮರಿ ಬಂದು ಕಾಲ ಬಳಿ ಮಲಗಿದ್ದು. ಒಂದು ದಿನ ಹೆಂಡತಿಯ ಮಾತೂ ಬಂತು. ಮದುವೆಯಾದ ಹೊಸದರಲ್ಲಿ ಆಕೆ ಹಟ ಹಿಡಿದು ಲಾರಿಯಲ್ಲಿ ಜೊತೆಗೆ ಹೊರಟಿದ್ದರಂತೆ. "ಮೂರು ದಿನದ ದಾರಿ. ಮೂರು ದಿನಾನೂ ಮಾತು. ಗಾಡಿ ನಿಂತಾಗ ಏನಂದ್ಲು ಗೊತ್ತಾ? ಇಷ್ಟು ಬೇಗ ಬಂದ್ಬಿಡ್ತಾ, ನಾನಿನ್ನೂ ನಮ್ಮ ಚಿಕ್ಕಮ್ಮನ ವಿಷಯಕ್ಕೆ ಬಂದೇ ಇಲ್ಲ ಅಂದ್ಲು."

ಹೇಳಿ ಮುಗಿಸಿ ಅವರು ಕಣ್ಣೊರೆಸಿಕೊಂಡರು. ಹಿಂದಿನ ಸೀಟುಗಳಲ್ಲಿ ಯಾರೂ ಉಸಿರೆತ್ತಲಿಲ್ಲ. ಈ ಸಲದ ಮೌನದಲ್ಲಿ ಅವರಿಗೆ ಬೇಸರವಾಗಲಿಲ್ಲ ಎಂಬುದು ನನಗೆ ತಿಳಿಯಿತು.

ವಕೀಲಮ್ಮನ ಸರದಿ ಬಂದಾಗ ಅವಳು ಕೇಳಿದ್ದೇ ಬೇರೆ. "ಮಾಮ, ನಿಮ್ಮ ಅಣ್ಣನ ಜೊತೆ ಈಗ ಯಾರು ಮಾತಾಡ್ತಾರೆ?"

ಮಾಮ ಗೇರ್ ಬದಲಿಸಿದರು. "ಯಾರೂ ಇಲ್ಲ ಕಣಮ್ಮ. ನಾನೇ ಮಾತಾಡ್ಸಬೇಕಿತ್ತು. ಅದೆಲ್ಲ ಅವಳೇ ನೋಡ್ಕೋತಿದ್ಲು. ನಂಗೆ ಆ ಕೈ ತಿರುಗಿಸೋದು ಬರಲ್ಲ."

"ನಮಗೆ ಬರುತ್ತೆ" ಎಂದಳು ವಕೀಲಮ್ಮ.

ಈಸ್ಟರಿಗೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರದ ಹಿಂದಿನ ಶುಕ್ರವಾರ, ಶಾಲೆಯಲ್ಲಿ ನಡೆಯುವ ಕೊನೆಯ ಶಿಲುಬೆ ಹಾದಿಗೆ, ಮನೆಯವರೂ ಬರುವುದು ರೂಢಿ. ಅಣ್ಣನನ್ನು ಕರೆತರಬೇಕೆಂದು ಮಕ್ಕಳು ಮಾಮನ ಬೆನ್ನು ಬಿದ್ದರು. ಆಮೇಲೆ ಸಿಸ್ಟರ್ ಬೆನ್ನು ಬಿದ್ದರು. ಬಂದವರಿಗೆ ಕೇಳಿಸದಿದ್ದರೆ ಓದಿ ಏನು ಪ್ರಯೋಜನ, ಆದ್ದರಿಂದ ಈ ಸಲ ಓದುವುದೇ ಬೇಡ, ಹದಿನಾಲ್ಕನ್ನೂ ಮಾತಿಲ್ಲದೆ ಮಾಡಿ ತೋರಿಸುತ್ತೇವೆ ಎಂಬುದು ಅವರ ವಾದ. ಸಿಸ್ಟರ್ ಫಾದರನ್ನು ಕೇಳಿದರು. ಫಾದರ್, "ಒಂದು ವರ್ಷ ನನ್ನ ಧ್ವನಿಗೂ ಉಪವಾಸ ಆಗ್ಲಿ" ಎಂದರು.

ಮೂರು ವಾರ ಕೈಯಲ್ಲೇ ಬದುಕಿದ ಮಕ್ಕಳಿಗೆ ಹೇಳಿಕೊಡುವುದು ಹೆಚ್ಚೇನೂ ಇರಲಿಲ್ಲ. ತೀರ್ಪು ಕೊಟ್ಟು ಕೈ ತೊಳೆದುಕೊಳ್ಳುವ ಅಧಿಕಾರಿ, ದಾರಿಯಲ್ಲಿ ಮಗನನ್ನು ಕಾಣುವ ತಾಯಿ, ಎಲ್ಲ ಅವರಿಗೆ ಸಲೀಸಾಗಿ ಬಂತು. ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಗಳಿಂದ ಶಾಲೆಯ ಬಡಗಿ ಶಿಲುಬೆ ಮಾಡಿಕೊಟ್ಟಿದ್ದ. ಗಟ್ಟಿಯಾಗಲಿ ಎಂದು ಅವನು ಹಾಕಿದ್ದ ಪಟ್ಟಿಗಳಿಂದಾಗಿ ಅದು ನಾವೆಣಿಸಿದ್ದಕ್ಕಿಂತ ಭಾರವಾಗಿತ್ತು.

ಅಣ್ಣ ಬಂದರು. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ, ಕತ್ತಿನ ತನಕ ಗುಂಡಿ. ಜನರ ನಡುವೆ ನಿಂತು ಅಭ್ಯಾಸ ತಪ್ಪಿದವರಂತೆ ತಮ್ಮನ ಹಿಂದೆ ಅರ್ಧ ಮರೆಯಾಗಿ ನಿಂತಿದ್ದರು. ಅಂಗಳದಲ್ಲಿ ಮುನ್ನೂರು ಜನ, ಒಂದು ಸೊಲ್ಲಿಲ್ಲ. ಬರಿಗಾಲುಗಳು ಮಣ್ಣಿನ ಮೇಲೆ ಸರಿಯುವ ಸದ್ದು ಮಾತ್ರ. ಒಂದನೆಯ ಚಿತ್ರ, ಎರಡನೆಯದು, ಮೂರನೆಯದು. ಅಣ್ಣ ಕತ್ತು ಚಾಚಿ ನೋಡತೊಡಗಿದರು. ನಾಲ್ಕನೆಯದರ ಹೊತ್ತಿಗೆ ತಮ್ಮನನ್ನು ಬಿಟ್ಟು ಮುಂದಿನ ಸಾಲಿಗೆ ಬಂದಿದ್ದರು.

ಐದನೆಯ ಚಿತ್ರದಲ್ಲಿ, ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ಯೇಸುವಿನ ಶಿಲುಬೆಗೆ ಹೆಗಲು ಕೊಡುತ್ತಾನೆ. ಆ ಪಾತ್ರದ ಹುಡುಗ ಎರಡನೇ ತರಗತಿಯವನು, ಬೆರಳುದ್ದ. ಅವನು ಶಿಲುಬೆಯ ಬಾಲ ಎತ್ತಲು ಹೋಗಿ ಎಡವಿ, ಮತ್ತೆ ಎತ್ತಿ, ಮತ್ತೆ ಕೈಜಾರಿ, ಯಾರನ್ನು ಕರೆಯಬೇಕೋ ತಿಳಿಯದೆ ಸುತ್ತ ನೋಡಿದ. ಕರೆಯುವಂತಿಲ್ಲವಲ್ಲ. ನಾನು ಹೆಜ್ಜೆ ಎತ್ತುವಷ್ಟರಲ್ಲಿ ಅಣ್ಣ ಹೋಗಿದ್ದರು. ಬಗ್ಗಿ ಆ ಬಾಲವನ್ನು ಹೆಗಲಿಗೇರಿಸಿಕೊಂಡರು. ಹುಡುಗ ಮುಷ್ಟಿಯನ್ನು ಎದೆಗೆ ಒತ್ತಿ ತೋರಿಸಿದ. ಅಣ್ಣನಿಗೆ ಅದರ ಅರ್ಥ ಹೇಗೆ ಹೊಳೆಯಿತೋ, ಒಂದು ಕೈಯಿಂದ ಅವನ ಬೆನ್ನು ತಟ್ಟಿದರು.

ಒಮ್ಮೆ ಹೊತ್ತವರು, ಶಿಲುಬೆ ಹೊರುವುದು ಮುಗಿಯುವ ಒಂಬತ್ತನೆಯ ಚಿತ್ರದವರೆಗೂ ಅದನ್ನು ಕೆಳಗಿಳಿಸಲಿಲ್ಲ. ವಯಸ್ಸಾದವರು, ಬೆವರಿಳಿಯುತ್ತಿತ್ತು. ದೊಡ್ಡ ಸಿಸ್ಟರ್ ಬಿಡಿಸಲು ಹೋದರೆ ತಲೆ ಅಡ್ಡ ಆಡಿಸಿದರು. ಹುಡುಗ ಅವರ ಅಂಗಿಯ ತುದಿ ಹಿಡಿದು ಪಕ್ಕದಲ್ಲೇ ನಡೆದ.

ಮಾಮ ನನ್ನ ಬಳಿ ನಿಂತಿದ್ದರು. "ಅಣ್ಣ ಕೆಲಸ ಬಿಟ್ಟು ಹತ್ತು ವರ್ಷ ಆಯ್ತು ಟೀಚರ್" ಎಂದು ಪಿಸುಗುಟ್ಟಿದರು. "ಇನ್ನು ತನ್ನಿಂದ ಯಾರಿಗೂ ಏನೂ ಆಗಬೇಕಾಗಿಲ್ಲ ಅಂತ ಬರೆದು ತೋರಿಸಿದ್ದ ನಂಗೆ ಒಂದ್ಸಲ." ಅವರ ಗಲ್ಲದ ಮೇಲೆ ನೀರಿಳಿಯುತ್ತಿತ್ತು. ಈ ಸಲ ಒರೆಸಿಕೊಳ್ಳಲಿಲ್ಲ.

ಈಸ್ಟರ್ ರಜೆ ಮುಗಿದು ಶಾಲೆ ತೆರೆದ ದಿನ, ಬೆಳಗಿನ ಪ್ರಾರ್ಥನೆಯಲ್ಲಿ ಸಿಸ್ಟರ್ ಮಾಮನನ್ನು ಮುಂದೆ ಕರೆದರು. ಅವರು ಮೈಕನ್ನು ಗೇರ್ ಹಿಡಿದಂತೆ ಹಿಡಿದರು.

"ನಂಗೆ ಭಾಷಣ ಬರಲ್ಲ. ಹಬ್ಬದ ದಿನ ನಮ್ಮನೆಗೆ ಹದಿಮೂರು ಮಕ್ಕಳು ಬಂದ್ರು, ಅಪ್ಪ ಅಮ್ಮನ್ನೂ ಕರ್ಕೊಂಡು. ಮನೇಲಿರೋದು ಎರಡೇ ಕುರ್ಚಿ. ನಾನೂ ಅಣ್ಣನೂ ನಿಂತೇ ಇದ್ವಿ. ಸಂಜೆ ತನಕ ಯಾರೂ ಹೋಗ್ಲಿಲ್ಲ. ಕಾಲುನೋವು ಇನ್ನೂ ಇದೆ." ಮೈಕನ್ನು ಇನ್ನೊಂದು ಕೈಗೆ ಬದಲಿಸಿದರು. "ತುಂಬ ಉಪಕಾರ ಆಯ್ತು. ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ."

ಆ ವರ್ಷದ ಜೂನಿನಿಂದ ಅಣ್ಣ ವಾರಕ್ಕೆ ಎರಡು ದಿನ ವ್ಯಾನಿನಲ್ಲೇ ಶಾಲೆಗೆ ಬಂದು, ಮೆಟ್ಟಿಲ ಪಕ್ಕದ ಸಣ್ಣ ಕೋಣೆಯಲ್ಲಿ ಕೂತು, ಹರಿದ ಪಠ್ಯಪುಸ್ತಕಗಳಿಗೆ ಬೈಂಡ್ ಹಾಕತೊಡಗಿದರು. ಮಕ್ಕಳು ಬಿಡುವಿನಲ್ಲಿ ಹೋಗಿ ಕೈಯಲ್ಲೇ ಹರಟೆ ಹೊಡೆಯುತ್ತಿದ್ದರು. ಮಾಮ ಸಹ ಕಲಿತರು, ತಡವರಿಸುತ್ತ. ಒಂದು ದಿನ ಊಟಕ್ಕೆ ಬಾ ಎನ್ನುವ ಬದಲು ಪರೀಕ್ಷೆಗೆ ಬಾ ಎಂದು ಕರೆದು ಅಣ್ಣನನ್ನು ನಗಿಸಿದರಂತೆ.

ಅಣ್ಣ ಆರು ವರ್ಷ ಆ ಕೆಲಸ ಮಾಡಿದರು. ನಾನು ಕೆಲಸದಿಂದ ನಿವೃತ್ತಳಾದಾಗ ಅವರು ಬೈಂಡ್ ಹಾಕಿದ ಒಂದು ಮೂರನೇ ತರಗತಿಯ ಕನ್ನಡ ಪುಸ್ತಕವನ್ನು ಕೇಳಿ ತೆಗೆದುಕೊಂಡು ಬಂದೆ. ಪ್ರತಿ ವರ್ಷದ ಕೊನೆಯ ಶಿಲುಬೆ ಹಾದಿಯನ್ನು ನಮ್ಮ ಶಾಲೆ ಈಗಲೂ ಮಾತಿಲ್ಲದೆ ನಡೆಸುತ್ತದೆ. ಯಾಕೆ ಹಾಗೆ ಎಂದು ಈಗಿನ ಮಕ್ಕಳಿಗೆ ಗೊತ್ತಿಲ್ಲ. ಯಾರಾದರೂ ಕೇಳಿದರೆ ನಾನು ಕೂತು ಮೊದಲಿನಿಂದ ಹೇಳುತ್ತೇನೆ.